ಮುನ್ನೂರು ಕುಲಾವಿಗಳ ಫೈಲು

ವಾಗ್ದೇವಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಲು ಮೂರೇ ದಿನ ಉಳಿದಿತ್ತು. ಕ್ರೋಶಾ ಕಡ್ಡಿ ಕಪಾಟಿನಲ್ಲಿದ್ದ ಹೆಣಿಗೆ ನಮೂನೆಗಳ ದಪ್ಪ ಫೈಲಿನ ಮುಂದೆ ನಿಂತು ಕೇಳಿತು: "ಅಣ್ಣಾ, ಕೂಸಿನ ಕುಲಾವಿಯ ನಮೂನೆ ಒಂದು ಕೊಡು."

"ಈಗ ಆಗದು," ಎಂದಿತು ಫೈಲು. "ನಿನ್ನೆ ತಾನೇ ನಲವತ್ತು ಹೊಸವು ಬಂದಿವೆ. ದಾರದ ಪ್ರಕಾರ ಜೋಡಿಸಬೇಕೋ, ವಯಸ್ಸಿನ ಪ್ರಕಾರವೋ, ಇನ್ನೂ ತೀರ್ಮಾನವಾಗಿಲ್ಲ. ಒಂದು ಹಾಳೆ ಎಳೆದರೂ ಎಲ್ಲ ಕಲಸಿಹೋಗುತ್ತದೆ."

"ಮೊನ್ನೆಯೂ ಇದನ್ನೇ ಹೇಳಿದೆ!" ಕಡ್ಡಿಗೆ ಮೈಯೆಲ್ಲ ಉರಿಯಿತು. "ನಿನ್ನ ಹೊಟ್ಟೆಯಲ್ಲಿ ಮುನ್ನೂರು ಕುಲಾವಿ ಇವೆ. ಒಂದು ತಲೆಯಾದರೂ ಬೆಚ್ಚಗಾಯಿತೇ?"

"ಮೆಲ್ಲಗೆ ಮಾತಾಡು. ಲೇಬಲ್ ಇನ್ನೂ ಒಣಗಿಲ್ಲ."

ಕಡ್ಡಿ ಮತ್ತೆ ಬೇಡಲಿಲ್ಲ. ಸೀದಾ ಟ್ರಂಕಿಗೆ ಹೋಗಿ, ವಾಗ್ದೇವಿಯ ಮಗಳು ಕೂಸಾಗಿದ್ದಾಗ ತೊಟ್ಟಿದ್ದ ಹಳೆಯ ಕುಲಾವಿಯನ್ನು ಕೊಕ್ಕೆ ಹಾಕಿ ಹೊರಗೆಳೆಯಿತು. ಹಿಂದಿನವರು ಮಾಡುತ್ತಿದ್ದಂತೆ ಅದರ ಕುಣಿಕೆಗಳನ್ನು ಒಂದೊಂದಾಗಿ ಎಣಿಸುತ್ತ, ಸಿಟ್ಟಿನಲ್ಲೇ ಹೊಸದೊಂದನ್ನು ಹೆಣೆದು ಮುಗಿಸಿತು.

ತೊಟ್ಟಿಲ ಶಾಸ್ತ್ರದ ದಿನ ಫೈಲು ಕಪಾಟಿನಿಂದಲೇ ಕೂಗಿತು: "ಆ ಹೊಸ ಕುಲಾವಿಯ ನಮೂನೆ ಬರೆದುಕೊಡು, ಜಾಗ ಮಾಡಿಟ್ಟಿದ್ದೇನೆ!"

"ಅದು ಕೂಸಿನ ತಲೆಯ ಮೇಲಿದೆ," ಎಂದಿತು ಕಡ್ಡಿ. "ಬೇಕಿದ್ದರೆ ಎದ್ದು ಬಂದು ಎಣಿಸಿಕೋ."