ಕೊಳೆ ಹುಟ್ಟಿಸುವ ಫಿಲ್ಟರ್

"ಬುದ್ಧಿ, ಇಲ್ಲಿಗೆ ಬರುವ ಮುಂಚೆ ನಾನು ಒಳ್ಳೆಯವನಾಗಿದ್ದೆ. ಈಗ ಯಾಕೆ ಹೀಗೆ ಕೆಟ್ಟೆ?"

ಶಿಷ್ಯ ಸೋಮಲಿಂಗ ಹೀಗೆ ಕೇಳುವಾಗ ಅವನ ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು. ಊರಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಏನಾಯಿತಪ್ಪ?" ಎಂದರು.

"ಕಣ್ಣು ಮುಚ್ಚಿ ಕೂತು ಮನಸ್ಸನ್ನು ನೋಡು ಅಂದಿರಿ. ಕೂತೆ. ಒಳಗೆ ಬರೀ ಸಿಟ್ಟು. ಪಂಕ್ತಿಯಲ್ಲಿ ಪಕ್ಕದವನಿಗೆ ದೊಡ್ಡ ಮುದ್ದೆ ಬಿದ್ದರೆ ಸಿಟ್ಟು. ಅವನು ಅದನ್ನು ಮುಗಿಸಲಾರದೆ ಬಿಟ್ಟರೆ ಇನ್ನೂ ಸಿಟ್ಟು. ಊರಲ್ಲಿ ನನಗೆ ಸಿಟ್ಟೆಂಬುದೇ ಗೊತ್ತಿರಲಿಲ್ಲ ಬುದ್ಧಿ. ನನ್ನ ಹೆಂಡತಿ ಒಂದು ದಿನವೂ ಎದುರು ಮಾತಾಡಿದವಳಲ್ಲ. ನಾನು ಹೊಸಿಲು ದಾಟಿ ಒಳಗೆ ಬಂದರೆ ಮಕ್ಕಳು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಅಷ್ಟು ಶಾಂತವಾದ ಮನೆ. ಈ ಧ್ಯಾನವೇ ನನ್ನನ್ನು ಕೆಡಿಸಿತು. ಇದನ್ನು ಬಿಟ್ಟು ಹೋದರೆ ಮೊದಲಿನ ಹಾಗೆ ಆಗುತ್ತೇನೆ."

ಗುರುಗಳು ಅವರೆಕಾಯಿಯ ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. "ಹೋಗುವಿಯಂತೆ. ಬಸ್ಸು ಬರುವ ತನಕ ಸುಲಿ. ಒಂದು ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಬೆಲ್ಲಕ್ಕಿಂತ ತನ್ನ ಮನೆಯ ಬಾವಿಯ ಮೇಲೆ ಹೆಚ್ಚು ಅಭಿಮಾನ. ಅದು ಅವನ ಅಪ್ಪ ತೋಡಿಸಿದ ಬಾವಿ. ಅಂಗಡಿಗೆ ಯಾರೇ ಬರಲಿ, ಒಂದು ಚೂರು ಬೆಲ್ಲ, ಒಂದು ಚೊಂಬು ಬಾವಿಯ ನೀರು ಮುಂದಿಟ್ಟು, "ಕುಡಿದು ನೋಡಿ, ಇಂಥ ನೀರು ಈ ಸೀಮೆಯಲ್ಲೇ ಇಲ್ಲ," ಎನ್ನುತ್ತಿದ್ದ. ಬಂದವರು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಚೊಂಬನ್ನು ಕಣ್ಣಿಗೆ ಒತ್ತಿಕೊಂಡು, ನೀರನ್ನು ಬಾಗಿಲ ಬಳಿಯ ದಾಸವಾಳದ ಬುಡಕ್ಕೆ ಬಿಡುತ್ತಿದ್ದರು. ನೀರನ್ನು ತೀರ್ಥದಂತೆ ಕಾಣುವ ಜನ ಎಂದು ವ್ಯಾಪಾರಿ ಹಿಗ್ಗುತ್ತಿದ್ದ. ದಾಸವಾಳ ಮಾಡಿನ ಎತ್ತರ ಬೆಳೆದಿತ್ತು.

ಮನೆಯಲ್ಲಿ ಆಗಾಗ ಯಾರಿಗಾದರೂ ಹೊಟ್ಟೆ ಕೆಡುತ್ತಿತ್ತು. ಅದರ ಕಾರಣವೂ ವ್ಯಾಪಾರಿಗೆ ಗೊತ್ತಿತ್ತು. ಬಾವಿಯನ್ನು ಕಂಡು ಹೊಟ್ಟೆಕಿಚ್ಚು ಪಡುವವರ ದೃಷ್ಟಿ. ಅವನ ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಾರದಿದ್ದರೆ, "ನೋಡಿ, ಎಂಥ ಕೆಟ್ಟ ಕಣ್ಣು!" ಎನ್ನುತ್ತಿದ್ದಳು. ಘಾಟು ಬಂದರೆ ಎಲ್ಲರೂ ಕೆಮ್ಮುತ್ತಿದ್ದರು, ಹೊಟ್ಟೆಯ ಮಾತು ಮರೆತುಹೋಗುತ್ತಿತ್ತು.

ವ್ಯಾಪಾರಿಯ ಮಗನಿಗೆ ಮದುವೆಯಾಯಿತು. ಸೊಸೆ ತವರಿನಿಂದ ಪಾತ್ರೆಪಗಡೆಯ ಜೊತೆಗೆ ಒಂದು ಸ್ಟೀಲಿನ ನೀರಿನ ಫಿಲ್ಟರ್ ತಂದಳು. ಒಂದರ ಮೇಲೊಂದು ಕೂರುವ ಎರಡು ಡಬ್ಬಿಗಳು. ಮೇಲಿನ ಡಬ್ಬಿಯೊಳಗೆ ಮೇಣದಬತ್ತಿಯ ಹಾಗೆ ನಿಂತ, ನೀರು ಸೋಸುವ ಬಿಳಿಯ ಪಿಂಗಾಣಿ ಕ್ಯಾಂಡಲ್‌ಗಳು, ಕೆಳಗಿನದಕ್ಕೆ ಒಂದು ನಲ್ಲಿ. ಅದಕ್ಕೆ ಕರೆಂಟು ಬೇಡ, ಪಂಪು ಬೇಡ. ಮೇಲೆ ಸುರಿದ ನೀರು ತನ್ನ ಭಾರಕ್ಕೆ ತಾನೇ ಕ್ಯಾಂಡಲ್‌ಗಳ ಮೂಲಕ ಸೋಸಿಕೊಂಡು ಕೆಳಗೆ ಇಳಿಯುತ್ತದೆ.

ವ್ಯಾಪಾರಿಗೆ ಮುಖದ ಮೇಲೆ ಹೊಡೆದಂತಾಯಿತು. "ಇವರಪ್ಪ ನಮ್ಮ ಬಾವಿಗೆ ಜರಡಿ ಕಳಿಸಿದ್ದಾನಲ್ಲ!" ಎಂದ.

"ಬೀಗರು ಕೊಟ್ಟದ್ದು. ಬೇಡ ಅಂದರೆ ನಾಳೆ ಹಬ್ಬಕ್ಕೆ ಕರೆಯುವುದಿಲ್ಲ. ಒಂದು ಮೂಲೆಯಲ್ಲಿ ಇದ್ದುಕೊಳ್ಳಲಿ ಬಿಡಿ," ಎಂದಳು ಹೆಂಡತಿ.

ಸೊಸೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದಳು. ಮೊದಲ ಸಲ ಇಳಿದ ನೀರನ್ನು ಚೆಲ್ಲಿದಳು. ಆಮೇಲೆ ದಿನವೂ ಮಲಗುವ ಮುಂಚೆ ಮೇಲಿನ ಡಬ್ಬಿ ತುಂಬಿಸುತ್ತಿದ್ದಳು. ಬೆಳಗಾಗುವುದರೊಳಗೆ ಕೆಳಗಿನದು ತುಂಬಿರುತ್ತಿತ್ತು. ವಾರಕ್ಕೊಮ್ಮೆ ಮಧ್ಯಾಹ್ನ ಎಲ್ಲರೂ ಮಲಗಿದಾಗ ಕ್ಯಾಂಡಲ್‌ಗಳನ್ನು ಬಿಚ್ಚಿ, ಸೋಪು ಸೋಕಿಸದೆ, ಮೆತ್ತನೆಯ ಬ್ರಷ್ಷಿನಿಂದ ಬರಿಯ ನೀರಿನಲ್ಲಿ ಉಜ್ಜಿ, ಎರಡು ಡಬ್ಬಿಗಳನ್ನೂ ತೊಳೆದು ಮತ್ತೆ ಜೋಡಿಸುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ವ್ಯಾಪಾರಿ ಆ ನೀರನ್ನೇ ಕುಡಿದ. ರುಚಿಯಾಗಿತ್ತು. "ನಮ್ಮ ಬಾವಿ ವಯಸ್ಸಾದಂತೆ ಇನ್ನೂ ಚೆನ್ನಾಗುತ್ತಿದೆ," ಎಂದು ಎಲ್ಲರಿಗೂ ಹೇಳಿಕೊಂಡು ಬಂದ. ಮನೆಯಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸುವುದು ನಿಂತುಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಹೊಟ್ಟೆ ಸುಮ್ಮನಿದ್ದರೆ ಅದನ್ನು ಯಾರು ಮಾತಾಡಿಸುತ್ತಾರೆ?

ಗೌರಿ ಹಬ್ಬಕ್ಕೆ ಸೊಸೆ ತವರಿಗೆ ಹೋದಳು. ಹೋದವಳು ಒಂದಷ್ಟು ದಿನ ಉಳಿದಳು. ಇಲ್ಲಿ ಫಿಲ್ಟರಿನ ನೀರು ಸಣ್ಣಗಾಯಿತು. ಆಮೇಲೆ ತೊಟ್ಟಿಕ್ಕಿತು. ಆಮೇಲೆ ಅದೂ ಇಲ್ಲ. ಹೆಂಡತಿ ಗಂಡನನ್ನು ಕರೆದಳು. ವ್ಯಾಪಾರಿ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದ. ಬೆಳ್ಳಗಿದ್ದ ಕ್ಯಾಂಡಲ್‌ಗಳ ಮೈತುಂಬ ಕಂದು ಬಣ್ಣದ ಲೋಳೆ.

"ಅಯ್ಯೋ ನನ್ನ ಕರ್ಮವೇ!" ಎಂದು ಅವನು ಮೂಗು ಮುಚ್ಚಿಕೊಂಡ. "ಇಷ್ಟು ವರ್ಷ ಈ ಬಾವಿಯ ನೀರು ಕುಡಿದಿದ್ದೇವೆ. ಒಂದು ದಿನ ಇಂಥ ಕೊಳೆ ಕಂಡಿದ್ದೇವೆಯೇ? ಈ ಕ್ಯಾಂಡಲ್ಲೇ ಕೊಳೆ ಹುಟ್ಟಿಸುತ್ತಿದೆ ಕಣೇ!"

ಅವನು ಕ್ಯಾಂಡಲ್‌ಗಳನ್ನು ಕಿತ್ತು ತಿಪ್ಪೆಗೆ ಎಸೆಯಲು ಹೊರಟ. ಬೀಗರ ವಸ್ತು ಎಂದು ಹೆಂಡತಿ ಕೈ ಹಿಡಿದಳು. ಸರಿ, ಹಿತ್ತಲಿನ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದ. ಡಬ್ಬಿಯನ್ನು ತಿಕ್ಕಿ ತೊಳೆದು, ಬಾವಿಯ ನೀರು ಸುರಿದ. ಕ್ಯಾಂಡಲ್ ಇದ್ದ ತೂತುಗಳಿಂದ ನೀರು ದಬದಬನೆ ಇಳಿಯಿತು. ಮಾರನೆಯ ದಿನ ಮುಚ್ಚಳ ತೆಗೆದರೆ ಮೇಲಿನ ಡಬ್ಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮಾರನೆಯ ದಿನವೂ ಹೊಳೆಯುತ್ತಿತ್ತು. ವ್ಯಾಪಾರಿ ಅಕ್ಕಪಕ್ಕದವರನ್ನು ಕರೆದು ತೋರಿಸಿದ. "ಕ್ಯಾಂಡಲ್ ಹೋಯಿತು, ಕೊಳೆಯೂ ಹೋಯಿತು. ಇನ್ನೇನು ಸಾಕ್ಷಿ ಬೇಕು?" ಎಂದ. ಅವರು ಹೌದು ಹೌದು ಎಂದು ಬೆಲ್ಲ ತಿಂದು ಹೋದರು.

ಸೊಸೆ ಹಿಂತಿರುಗಿ ಬಂದ ದಿನ ವ್ಯಾಪಾರಿ ನಡುಮನೆಯಲ್ಲಿ ಕಾದು ಕುಳಿತಿದ್ದ. ಅವಳು ಕೈಯ ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದ.

"ಚೀಲ ಬಿಚ್ಚಬೇಡ. ಈ ಫಿಲ್ಟರ್ ತೆಗೆದುಕೊಂಡು ಇದೇ ಕಾಲಲ್ಲಿ ನಿಮ್ಮಪ್ಪನ ಮನೆಗೆ ನಡಿ. ನನ್ನ ಬಾವಿಗೆ ಕೊಳೆ ಹಾಕುವ ಯಂತ್ರ ಯಾಕೆ ಕಳಿಸಿದಿರಿ ಎಂದು ಕೇಳು. ಅವರು ತಪ್ಪಾಯಿತು ಎನ್ನುವ ತನಕ ಅಲ್ಲೇ ಇರು. ನಮ್ಮ ಮನೆತನದ..."

ಅಲ್ಲಿಗೆ ಅವನ ಮಾತು ನಿಂತಿತು. ಮುಖ ಕಿವುಚಿದ. ಎದ್ದು ಬಿರಬಿರನೆ ಹಿತ್ತಲಿಗೆ ಹೋದ.

ಸೊಸೆ ಸುತ್ತ ನೋಡಿದಳು. ಗಂಡ ಒಂದು ಮೂಲೆಯಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದ. ಅತ್ತೆ ಒಲೆಯ ಮುಂದೆ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು. "ಮತ್ತೆ ಯಾರದ್ದೋ ಕಣ್ಣು ಬಿತ್ತು ಕಣಮ್ಮ," ಎಂದಳು.

ವ್ಯಾಪಾರಿ ವಾಪಸ್ಸು ಬಂದು ಕುಳಿತ. "ನಮ್ಮ ಮನೆತನದ ಮರ್ಯಾದೆ..." ಎಂದು ಬಿಟ್ಟಲ್ಲಿಂದ ಹಿಡಿದ. ಮರ್ಯಾದೆ ಮುಗಿಯುವ ಮುಂಚೆ ಮತ್ತೆ ಎದ್ದ. ಹೋಗುವಾಗಲೂ ಬರುವಾಗಲೂ ಗೋಡೆಯ ಮೇಲೆ ಸಾಲಾಗಿ ನಿಂತ ಕ್ಯಾಂಡಲ್‌ಗಳು ಅವನನ್ನೇ ನೋಡುತ್ತಿದ್ದವು.

ಅವನು ಮೂರನೆಯ ಸಲ ಬರುವಷ್ಟರಲ್ಲಿ ಸೊಸೆ ಆ ಕ್ಯಾಂಡಲ್‌ಗಳನ್ನು ತಂದು, ಬಾಗಿಲಲ್ಲೇ ಕುಳಿತು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಕಂದು ಲೋಳೆ ಹರಿದು ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಅವಳು ತಲೆ ಎತ್ತದೆ ಕೇಳಿದಳು:

"ಮಾವ, ಇದರ ಮೇಲೆ ಕೂರುತ್ತಿದ್ದ ಕೊಳೆ, ಇದನ್ನು ಕಿತ್ತ ಮೇಲೆ ಎಲ್ಲಿಗೆ ಹೋಯಿತು?"

ವ್ಯಾಪಾರಿ ಉತ್ತರ ಹೇಳಲು ಬಾಯಿ ತೆರೆದ. ಆದರೆ ಹೇಳಲು ಪುರಸೊತ್ತಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದ. ತಿರುಗಿ ಬಂದವನು ಸೊಸೆಯ ಮುಖ ನೋಡಲಿಲ್ಲ. ಬಾಗಿಲಲ್ಲಿದ್ದ ಅವಳ ಚೀಲವನ್ನು ತಾನೇ ಎತ್ತಿ ಒಳಗಿಟ್ಟ.

ಗುರುಗಳು ಕತೆ ನಿಲ್ಲಿಸಿ ಮೊರದಲ್ಲಿದ್ದ ಸಿಪ್ಪೆಯನ್ನು ಬೇರೆ ಮಾಡಿದರು.

ಸೋಮಲಿಂಗ ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. "ಎಂಥ ದಡ್ಡ, ಬುದ್ಧಿ! ಇಷ್ಟು ವರ್ಷ ಆ ಕೊಳೆಯನ್ನೆಲ್ಲ ಹೆಂಡತಿಗೂ ಮಗನಿಗೂ ಕುಡಿಸಿ, ಬಾವಿ ಶುದ್ಧ ಅಂತ ಮೆರೆದನಲ್ಲ!"

ದೂರದ ತಿರುವಿನಲ್ಲಿ ಬಸ್ಸು ಹಾರನ್ ಹಾಕಿತು. ಸೋಮಲಿಂಗ ನಗುತ್ತಲೇ ಎದ್ದು ಗಂಟನ್ನು ಕಂಕುಳಿಗೆ ಏರಿಸಿದ.

ಗುರುಗಳು ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡು ಕೇಳಿದರು: "ಇಲ್ಲಿಗೆ ಬರುವ ಮುಂಚೆ ನಿನ್ನ ಸಿಟ್ಟನ್ನು ಯಾರು ಕುಡಿಯುತ್ತಿದ್ದರು, ಸೋಮಲಿಂಗ?"

ಬಸ್ಸು ಬಂತು, ನಿಂತಿತು, ಹೋಯಿತು. ಸೋಮಲಿಂಗ ಗಂಟನ್ನು ಜಗಲಿಯ ಮೇಲಿಟ್ಟು, ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡ.