ಗ್ರಾನೈಟ್ ಚಪ್ಪಡಿ ಮತ್ತು ರಸಮಟ್ಟ

ಹೊಸ ಮನೆಯ ಅಡುಗೆಕಟ್ಟೆಯ ಮೇಲಿದ್ದ, ಗಾಜಿನ ಕೊಳವೆಯೊಳಗಿನ ಗುಳ್ಳೆಯಿಂದ ಮಟ್ಟ ತೋರಿಸುವ ರಸಮಟ್ಟ, ಆಗಷ್ಟೇ ಒಳಗೆ ಬಂದ ಗ್ರಾನೈಟ್ ಚಪ್ಪಡಿಗೆ ಹೇಳಿತು: “ತಾಳು, ಕಟ್ಟೆ ದಕ್ಷಿಣಕ್ಕೆ ವಾಲಿದೆ. ಮೊದಲು ಮೇಸ್ತ್ರಿ ಅದನ್ನು ಸಮ ಮಾಡಲಿ.”

“ಬೆಟ್ಟದಲ್ಲಿ ಹುಟ್ಟಿದ ನಾನು ನಿನ್ನ ಗುಳ್ಳೆಯ ಅಪ್ಪಣೆಗೆ ಕಾಯಬೇಕೇ?” ಎಂದು ಚಪ್ಪಡಿ ಬೀಗಿತು.

ಮನೆಯೊಡತಿ ಚಂಪಕಮ್ಮನಿಗೂ ಆತುರ. “ನಾಳೆಯೇ ಗೃಹಪ್ರವೇಶ ಮೇಸ್ತ್ರಿ, ಕೂರಿಸಿಬಿಡಿ!” ಮೇಸ್ತ್ರಿ ರಸಮಟ್ಟವನ್ನು ಚೀಲಕ್ಕೆ ತುರುಕಿ, ಸಿಮೆಂಟ್ ಹಾಕಿ ಚಪ್ಪಡಿಯನ್ನು ಕೂರಿಸಿದ.

ಮರುದಿನ ಒಲೆಯ ಮೇಲೆ ಉಕ್ಕಿದ ಹಾಲು, ಶುಭವೆನ್ನುವ ಪೂರ್ವವನ್ನು ಬಿಟ್ಟು ದಕ್ಷಿಣಕ್ಕೆ ಹರಿಯಿತು. “ಮನೆಗೇ ದೋಷವಿದೆ” ಎಂದರು ಹಿರಿಯರು. ಚಂಪಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಪ್ಪಡಿಯ ಗರ್ವ ಇಳಿಯಿತು. “ತಪ್ಪು ನನ್ನದು, ಮನೆಯದಲ್ಲ. ಈಗಲಾದರೂ ಸಮ ಮಾಡಿಸು” ಎಂದು ಮೂಲೆಯ ಚೀಲದಲ್ಲಿದ್ದ ರಸಮಟ್ಟವನ್ನು ಬೇಡಿತು.

“ನಿನ್ನೆಯಾದರೆ ಆಗುತ್ತಿತ್ತು” ಎಂದಿತು ರಸಮಟ್ಟ. “ಸಿಮೆಂಟ್ ಬಿಗಿದಿದೆ. ಇನ್ನು ನಿನ್ನನ್ನು ಒಡೆಯದೆ ಕಟ್ಟೆಯನ್ನು ಮುಟ್ಟಲಾಗದು.”