ಹೂವಿಗೆ ಕಟ್ಟಿದ ಬೇಲಿ

ಮರಗಳು ಬೆಳೆಯಲಾರದ ಎತ್ತರದಲ್ಲಿ, ಬಂಡೆಯ ಮೇಲೆ ಒಂದು ಆಶ್ರಮವಿತ್ತು. ಸುತ್ತ ಹುಲ್ಲು, ಹಾವಸೆ, ಗಾಳಿ. ಬೇಸಿಗೆಯಲ್ಲೂ ಅಲ್ಲಿ ನೆಲದಡಿಯ ಮಣ್ಣು ಹೆಪ್ಪುಗಟ್ಟಿಯೇ ಇರುತ್ತಿತ್ತು.

ಗುರುಗಳು ಯಾತ್ರೆಗೆ ಹೊರಟರು. ಆಶ್ರಮವನ್ನು ಶಿಷ್ಯ ವಿರೂಪನಿಗೆ ಒಪ್ಪಿಸಿದರು. ಹಲವು ವರ್ಷ ಮರಳಲಿಲ್ಲ.

ವಿರೂಪನಿಗೆ ಪೂಜೆಯೆಂದರೆ ಹುಚ್ಚು. ಆಶ್ರಮದ ಪಕ್ಕದ ಇಳಿಜಾರಿನಲ್ಲಿ ಒಂದು ಜಾತಿಯ ಕುರುಚಲು ಗಿಡ ಅಪರೂಪಕ್ಕೆ ಹೂ ಬಿಡುತ್ತಿತ್ತು. ದನಗಾಹಿ ಡೋಲ್ಮಾಳ ಚಮರಿ ದನಗಳು ಅದನ್ನು ಚಿಗುರಿನಲ್ಲೇ ಮೇದುಬಿಡುತ್ತಿದ್ದವು. ದೇವರ ಹೂವಿಗೆ ದನ ಬಾಯಿ ಹಾಕುವುದೆಂದರೇನು! ವಿರೂಪ ಇಳಿಜಾರಿನ ಸುತ್ತ ಕಲ್ಲಿನ ಬೇಲಿ ಕಟ್ಟಿದ.

ಡೋಲ್ಮಾ ಬಂದು ಕೈಮುಗಿದಳು. "ಚಳಿಗಾಲದಲ್ಲಾದರೂ ಒಳಗೆ ಬಿಡಿ ಸ್ವಾಮಿ. ನಮ್ಮ ಮಾವನವರ ಕಾಲದಿಂದ ಅಲ್ಲಿ ದನ ಹೊಡೆದು ಹಿಮ ತುಳಿಸುತ್ತಿದ್ದೇವೆ."

"ದೇವರ ತೋಟವಮ್ಮ ಅದು. ತುಳಿಸೋದಾ?"

ಅವಳು ದನಗಳನ್ನು ಹೊಡೆದುಕೊಂಡು ಇಳಿದು ಹೋದಳು. ಅವಳ ಮನೆ ಆ ಇಳಿಜಾರಿನ ಬುಡದಲ್ಲೇ ಇತ್ತು.

ವರ್ಷದಿಂದ ವರ್ಷಕ್ಕೆ ಸೆಕೆ ಏರಿತು. ಬೇಲಿಯೊಳಗೆ ಗಿಡಗಳು ಸೊಂಟದೆತ್ತರ ಬೆಳೆದವು. ಬುಟ್ಟಿ ತುಂಬ ಹೂವು. ವಿರೂಪ ಹಿಗ್ಗಿದ.

ಒಂದು ಚಳಿಗಾಲ ಅವನು ಗಿಡಗಳ ನಡುವೆ ನಡೆಯುತ್ತಿದ್ದಾಗ ಕಾಲಡಿಯಲ್ಲಿ ನೀರು ಹರಿಯುವ ಸದ್ದು ಕೇಳಿಸಿತು. ಚಳಿಗಾಲದಲ್ಲಿ ನೀರು! ಹೆಜ್ಜೆ ಹಿಮ ದಾಟಿ ಕೆಸರಿಗಿಳಿಯಿತು. ಎಂದೋ ಸತ್ತದ್ದು ಈಗ ಕೊಳೆಯತೊಡಗಿದಂಥ ನಾತ ಮೇಲೆದ್ದಿತು.

ವಿರೂಪ ಓಡಿಬಂದ. ಯಾರಿಗೂ ಹೇಳಲಿಲ್ಲ. ಜಪ ಹೆಚ್ಚಿಸಿದ. ಹೆದರಿಕೆ ಜಪಕ್ಕೆ ಬಗ್ಗಲಿಲ್ಲ.

ಡೋಲ್ಮಾ ಮತ್ತೆ ಬಂದಳು. "ಮನೆ ಬಾಗಿಲು ಮುಚ್ಚೋಕೆ ಬರ್ತಿಲ್ಲ ಸ್ವಾಮಿ, ಚೌಕಟ್ಟು ವಾಲಿದೆ. ಗೋಡೆಯೊಳಗೆ ಏನೋ ಲಟಲಟ ಅನ್ನುತ್ತೆ. ಮಕ್ಕಳು ಮಲಗೋಕೆ ಹೆದರ್ತಾವೆ."

ಅಷ್ಟರಲ್ಲಿ ಗುರುಗಳು ಮರಳಿದರು. ಶಿಷ್ಯನ ಮುಖ ನೋಡಿ ಏನೂ ಕೇಳದೆ ಇಳಿಜಾರಿಗೆ ನಡೆದರು.

ಬೇಲಿಯ ಹೊರಗೆ, ದನ ಓಡಾಡುವ ಜಾಗದಲ್ಲಿ ಊರುಗೋಲು ಚುಚ್ಚಿದರು. ಗೇಣುದ್ದ ಇಳಿದು ನಿಂತಿತು.

"ಮೊದಲು ಇಷ್ಟೂ ಇಳಿಯುತ್ತಿರಲಿಲ್ಲ," ಎಂದರು.

ಬೇಲಿಯ ಒಳಗೆ ಚುಚ್ಚಿದರು. ಕೋಲು ಹಿಡಿಯವರೆಗೂ ಇಳಿಯಿತು.

ಗುರುಗಳ ಮುಖ ಬಿಳಿಚಿತು. ವಿರೂಪ ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ.

"ನೀವೂ ಹೆದರಿದಿರಾ ಗುರುಗಳೇ?"

"ಹೆದರಿದೆ. ಡೋಲ್ಮಾಳ ಮಕ್ಕಳನ್ನು ಮೊದಲು ಬಂಡೆಯ ಮೇಲಕ್ಕೆ ಕರೆತಾ."

ಕತ್ತಲಾಗುವ ಮೊದಲು ಆ ಮನೆಯವರೆಲ್ಲ ಆಶ್ರಮ ಸೇರಿದರು. ವಿರೂಪ ಮಕ್ಕಳಿಗೆ ಗಂಜಿ ಬಡಿಸಿ ಗುರುಗಳ ಬಳಿ ಬಂದು ಕೂತ.

"ಗಿಡ ಬೆಳೆದರೆ ತಪ್ಪೇನು ಗುರುಗಳೇ?"

ಗುರುಗಳು ತಮ್ಮ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದರು. "ಹೇಗಿದೆ?"

"ಬೆಚ್ಚಗಿದೆ."

"ಗಿಡ ಹಿಡಿದಿಟ್ಟ ಹಿಮವೂ ನೆಲಕ್ಕೆ ಹೀಗೇ. ದನ ತುಳಿದರೆ ಅದು ತೆಳುವಾಗಿ ಚಳಿ ಒಳಗಿಳಿಯುತ್ತಿತ್ತು. ಲೋಕವೇ ಬಿಸಿಯೇರುತ್ತಿರುವಾಗ ನೀನು ನೆಲಕ್ಕೆ ಹೊದಿಸುತ್ತ ಕೂತೆ. ಒಳಗಿನ ಹೆಪ್ಪು ಕರಗಿದರೆ ಗುಡ್ಡವೇ ಜಾರುತ್ತದೆ."

ಮರುದಿನ ವಿರೂಪ ತಾನೇ ಬೇಲಿ ಕೆಡವಿದ. ಡೋಲ್ಮಾ ತೋರಿಸಿಕೊಟ್ಟಂತೆ ದನಗಳನ್ನು ಗಿಡಗಳ ನಡುವೆ ಹೊಡೆದ. ಅವು ಕೊಂಬೆ ಮುರಿದು, ಹಿಮ ಕೆದರಿ, ತುಳಿದು ನಡೆದವು. ನೆಲ ಒಂದೆರಡು ಕಡೆ ಅಲುಗಿತು. ಅವನು ಅಲ್ಲೇ ಕುಸಿದು ಕೂತ.

ಗುರುಗಳು ಬಂದು ಪಕ್ಕ ನಿಂತರು.

"ಇಷ್ಟು ಮಾಡಿದರೆ ಈ ಗುಡ್ಡ ಉಳಿಯುತ್ತದೆಯೇ ಗುರುಗಳೇ?"

"ಗೊತ್ತಿಲ್ಲ."

"ನಿಮಗೂ ಗೊತ್ತಿಲ್ಲದ ಮೇಲೆ ಇದನ್ನೆಲ್ಲ ಯಾಕೆ ಮಾಡಬೇಕು?"

ಗುರುಗಳು ಅವನ ರಟ್ಟೆ ಹಿಡಿದು ಎಬ್ಬಿಸಿದರು.

"ತಾಯಿಗೆ ಜ್ವರ ಬಂದಾಗ, ಇಳಿಯುತ್ತದೆಂದು ಖಾತ್ರಿಯಾದ ಮೇಲೆಯೇ ಹಣೆಗೆ ಒದ್ದೆ ಬಟ್ಟೆ ಹಾಕಿದೆಯೇನಪ್ಪಾ?"